ನಾಲ್ಕು ಬಂಡೆಗೆ ಬಳಿದ ಸುಣ್ಣ

ಜೀಪಿನ ಹಿಂದೆ ಒಂದು ಮನೆಯನ್ನು ಕಟ್ಟಿಕೊಂಡು ಇಬ್ಬರು ನಮ್ಮೂರಿಗೆ ಬಂದಾಗ ನಾನು ಅವರ ಒಂದು ಮಾತನ್ನೂ ನಂಬಲಿಲ್ಲ. ನಂಬದಿರುವುದಕ್ಕೆ ಕಾರಣವಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮದು ದೊಡ್ಡಆಲಹಳ್ಳಿಯಿಂದ ಮೂರು ಮೈಲಿ ಒಳಗಿರುವ ಚಿಕ್ಕ ಊರು. ಊರ ಹಿಂದೆ ಗುಡ್ಡ. ಗುಡ್ಡದ ಸೊಂಟದಲ್ಲಿ ನಮ್ಮ ಮೇಲಿನ ಹೊಲ. ಅಲ್ಲಿಂದ ಎರಡು ಫರ್ಲಾಂಗು ಮೇಲಕ್ಕೆ ಬಸಪ್ಪನ ಬಂಡೆ. ಗುಡಿ, ಗೋಪುರ ಏನೂ ಇಲ್ಲ. ಮಲಗಿದ ಎತ್ತಿನ ಬೆನ್ನಿನಂತಹ ಒಂದು ಬಂಡೆ, ಅದರ ಮೈಮೇಲೆ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ, ಅಷ್ಟೆ. ಪಟ್ಟೆ ಬಳಿದದ್ದು ದೇವರು, ಬಳಿಯದ್ದು ಕಲ್ಲು. ನಮ್ಮ ಸೀಮೆಯಲ್ಲಿ ಇದನ್ನು ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ನನ್ನ ಹೆಂಡತಿ ಸಿದ್ದಮ್ಮ ಸೋಮವಾರ ಸೋಮವಾರ ಒಂದು ಬಿಂದಿಗೆ ನೀರು ಹೊತ್ತು ಅಲ್ಲಿಗೆ ಹತ್ತುತ್ತಿದ್ದಳು. ಹಿಂದಿನ ಕಾರ್ತಿಕದಲ್ಲಿ ಆಕೆ ತೀರಿಕೊಂಡಳು. ಮೇಲಿನ ಹೊಲದ ಬದುವಿನಲ್ಲಿ, ಬಸಪ್ಪ ಕಾಣುವ ಹಾಗೆ, ಮಣ್ಣು ಮಾಡಿದೆವು. ಆಮೇಲೆ ಸೋಮವಾರದ ನೀರು ನನ್ನದಾಯಿತು. ಅರ್ಧ ಬಿಂದಿಗೆ ಬಸಪ್ಪನಿಗೆ, ಅರ್ಧ ಅವಳ ತಲೆಯ ಕಡೆ ನೆಟ್ಟ ಕಣಗಿಲೆ ಗಿಡಕ್ಕೆ.

ಸಾತನೂರಿನ ಕಡೆಗೆ ಇಂಥದೇ ಇನ್ನೊಂದು ಗುಡ್ಡವಿತ್ತು. ಎರಡು ವರ್ಷದ ಹಿಂದೆ ಅಲ್ಲಿಗೆ ಕಾರಿನಲ್ಲಿ ನಾಲ್ಕು ಜನ ಬಂದರು. ಚಾಪೆ ಹಾಸಿ ಪುಳಿಯೋಗರೆ ತಿಂದರು, ಫೋಟೋ ತೆಗೆದರು, ಗಾಳಿ ಬಹಳ ಚೆನ್ನಾಗಿದೆ ಎಂದರು. ಹೋಗುವಾಗ ಗಾಡಿ ಜಾಡು ಎಷ್ಟು ಅಗಲ, ಭಾರ ತಡೆಯುತ್ತದೆಯೇ ಎಂದು ದನ ಕಾಯುವವನನ್ನು ಕೇಳಿದರು. ಆರು ತಿಂಗಳಿಗೆ ಬಂಡೆ ಕೊರೆಯುವ ಕಂಪ್ರೆಸರ್ ಬಂತು. ಆಗ ಬಿಡದಿಯಲ್ಲಿ, ಹಾರೋಹಳ್ಳಿಯಲ್ಲಿ ದಿನಕ್ಕೊಂದು ಕಾರ್ಖಾನೆ ಏಳುತ್ತಿತ್ತು. ಎಲ್ಲಕ್ಕೂ ಜಲ್ಲಿ ಬೇಕು. ಗುಡ್ಡ ಲಾರಿ ಹತ್ತಿ ಹೋಯಿತು. ಉಳಿದದ್ದು ಒಂದೇ ಬಂಡೆ. ಯಾರೋ ಮುದುಕಿ ಅದಕ್ಕೆ ಸುಣ್ಣ ಕೆಮ್ಮಣ್ಣು ಬಳಿದಿದ್ದಳು. ಕಲ್ಲು ಒಡೆಯುವವರಿಗೂ ದೇವರ ಭಯ ಇರುತ್ತದೆ, ಸುತ್ತ ಒಡೆದು ಅದೊಂದನ್ನು ಬಿಟ್ಟರು. ಬೊಚ್ಚು ಬಾಯಿಯಲ್ಲಿ ಉಳಿದ ಒಂಟಿ ಹಲ್ಲಿನ ಹಾಗೆ ಅದು ಈಗಲೂ ನಿಂತಿದೆ.

ಇದು ನನ್ನ ಮನಸ್ಸಿನಲ್ಲಿತ್ತು. ನಮ್ಮ ಗುಡ್ಡಕ್ಕೆ ಹಾಗಾದರೆ ಬಸಪ್ಪನ ಬಂಡೆ ಒಂದು ಉಳಿದೀತು. ಸಿದ್ದಮ್ಮನ ಮಣ್ಣು ಉಳಿಯುವುದಿಲ್ಲ.

ಎರಡು ಸಾವಿರದ ಆರನೆಯ ಇಸವಿ, ಯುಗಾದಿ ಕಳೆದ ಮೇಲೆ ಒಂದು ಬುಧವಾರ ಆ ಇಬ್ಬರು ಬಂದರು. ಜೀಪು ಹಳೆಯದು. ಹಿಂದೆ ಕಟ್ಟಿದ್ದು ಟ್ರ್ಯಾಕ್ಟರಿನ ಟ್ರೈಲರಿನಂತಿರಲಿಲ್ಲ. ಎತ್ತರದ ಎರಡು ಚಕ್ರ, ದಪ್ಪ ಕಬ್ಬಿಣದ ಚೌಕಟ್ಟು, ಅದರ ಮೇಲೆ ತಗಡಿನ ದೊಡ್ಡ ಪೆಟ್ಟಿಗೆ. ಪೆಟ್ಟಿಗೆಯ ಸುತ್ತ ಚಿಕ್ಕ ಚಿಕ್ಕ ಬಾಗಿಲು, ಪ್ರತಿ ಬಾಗಿಲಿಗೂ ಬೀಗ. ನೆತ್ತಿಯ ಮೇಲೆ ಮಡಿಸಿ ಬಿಗಿದ ಟಾರ್ಪಾಲು.

ಓಡಿಸುತ್ತಿದ್ದವನ ಹೆಸರು ನಟರಾಜು, ನಲವತ್ತರ ಆಸುಪಾಸಿನವನು. ಚನ್ನಪಟ್ಟಣದ ಕಡೆಯವನು. ಹನ್ನೆರಡು ವರ್ಷ ಒಂದು ಮೋಟಾರು ಕಾರ್ಖಾನೆಯಲ್ಲಿ ದುಡಿದು ಬಿಟ್ಟುಬಂದೆ ಎಂದ. ಜೊತೆಗಿದ್ದವರು ಮಕ್ಬೂಲ್ ಸಾಹೇಬರು, ರಾಮನಗರದಲ್ಲಿ ವೆಲ್ಡಿಂಗ್ ಅಂಗಡಿಯವರು, ನನ್ನ ವಯಸ್ಸು, ಬಿಳಿ ಗಡ್ಡ. ಇಬ್ಬರೂ ಸೇರಿ ಎಂಟು ತಿಂಗಳಲ್ಲಿ ಈ ಗಾಡಿಯನ್ನು ಮಾಡಿದ್ದರಂತೆ. ಒಳಗೆ ಹಾಸಿಗೆ ಇದೆ, ಒಲೆ ಇದೆ, ನೀರಿನ ತೊಟ್ಟಿ ಇದೆ. ಟಾರ್ಪಾಲು ಬಿಚ್ಚಿದರೆ ಡೇರೆಯಾಗುತ್ತದೆ. ಪಟ್ಟಣದವರು ಇದನ್ನು ಕಾಡಿಗೆ, ಬೆಟ್ಟಕ್ಕೆ ಎಳೆದುಕೊಂಡು ಹೋಗಿ ಮಲಗುತ್ತಾರಂತೆ. ಒಂದು ಕೆಟ್ಟ ದಾರಿಯಲ್ಲಿ ದಾಟಿಸಿ ತೋರಿಸಿದರೆ ಇನ್ನಷ್ಟು ಗಾಡಿ ಮಾಡಿಸುವವರು ಸಿಗುತ್ತಾರಂತೆ. ನಮ್ಮ ಗುಡ್ಡದ ಜಾಡಿಗಿಂತ ಕೆಟ್ಟದ್ದು ತಾಲ್ಲೂಕಿನಲ್ಲಿಲ್ಲ ಎಂದು ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದರಂತೆ.

ನಮ್ಮ ಪಕ್ಕದ ಮನೆಯ ಕೆಂಪಯ್ಯ ಗಾಡಿಯ ಸುತ್ತ ಎರಡು ಸುತ್ತು ಬಂದ.

"ಅಲ್ಲ ಕಣಪ್ಪ, ಮನೇಲಿ ಮಂಚ ಐತೆ, ಮ್ಯಾಲೆ ಸೂರೈತೆ. ಅದ ಬುಟ್ಟು ಗುಡ್ಡದಲ್ಲಿ ಡಬ್ಬದೊಳಗೆ ಮಲಗೋನು ಯಾವನ್ಲಾ ಅವನು?"

"ಅರೆ ಗೌಡ್ರೆ, ನಾನೂ ಇವನ್ನ ಇದೇ ಕೇಳ್ದೆ," ಎಂದರು ಮಕ್ಬೂಲ್. "ಬೆಂಗಳೂರಲ್ಲಿ ಅಂಥೋರು ಬಹಳ ಅವ್ರೆ ಅಂದ. ಹುಚ್ಚರಿಗೆ ಮಂಚ ಮಾಡ್ಕೊಟ್ರೆ ನಮಗೇನು ಪಾಪ ಬರ್ತದಾ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಗಂಡ ಸತ್ತ ಮೇಲೆ ನಮ್ಮ ಜೊತೆಯೇ ಇರುವ ನನ್ನ ಅಕ್ಕ ಕೆಂಚಮ್ಮ, ಒಳಗೆ ಏನಿದೆ ತೋರಿಸು ಎಂದಳು. ನಟರಾಜು ಒಂದು ಬಾಗಿಲು ತೆಗೆದು ಒಲೆ ತೋರಿಸಿದ. ಹೆಂಗಸರು ಒಲೆ ನೋಡುತ್ತಿರುವಾಗ ಮಕ್ಬೂಲ್ ಆ ಕಡೆಯ ಬಾಗಿಲಿನಿಂದ ಏನನ್ನೋ ತೆಗೆಯುತ್ತಿದ್ದರು. ಅಲ್ಲಿ ಎರಡು ಸಲಾಕೆ, ಗುದ್ದಲಿ, ದೊಡ್ಡ ಸುತ್ತಿಗೆ, ಒಂದು ಹೊರೆ ಸರಪಳಿ ಇದ್ದವು. ಮಲಗುವುದಕ್ಕೆ ಬಂದವರಿಗೆ ಸುತ್ತಿಗೆ ಯಾಕೆ ಎಂದು ನನ್ನೊಳಗೇ ಕೇಳಿಕೊಂಡೆ.

ಆ ಮಧ್ಯಾಹ್ನ ಅವರು ಗಾಡಿಯನ್ನು ಊರಲ್ಲೇ ಬಿಟ್ಟು ಜಾಡು ನೋಡಲು ನಡೆದು ಹೊರಟರು. ನಾನೂ ಹೋದೆ, ದಾರಿ ತೋರಿಸುವ ನೆವ. ನಟರಾಜು ಅಲ್ಲಲ್ಲಿ ನಿಂತು ಟೇಪು ಹಿಡಿದು ಜಾಡಿನ ಅಗಲ ಅಳೆದ. ಪುಸ್ತಕದಲ್ಲಿ ಬರೆದುಕೊಂಡ. ಸಲಾಕೆಯಿಂದ ಬಂಡೆಯನ್ನು ಕುಟ್ಟಿ ಕಿವಿಗೊಟ್ಟು ಕೇಳಿದ. ಅಂಗೈಯಷ್ಟು ದೊಡ್ಡ ಒಂದು ಯಂತ್ರವನ್ನು ಆಕಾಶಕ್ಕೆ ಹಿಡಿದು, ನಾವು ನಿಂತ ಜಾಗವನ್ನು ಇದು ನೆನಪಿಟ್ಟುಕೊಳ್ಳುತ್ತದೆ ಎಂದು ನನಗೆ ವಿವರಿಸಿದ. ಮೇಲಿನ ಹೊಲ ಬಂದಾಗ ಮಣ್ಣಿನ ದಿಬ್ಬವನ್ನೂ ಕಣಗಿಲೆಯನ್ನೂ ನೋಡಿ ಯಾರು ಎಂದು ಕೇಳಿದ. ಹೆಂಡತಿ ಎಂದೆ. ಅವನು ಚಪ್ಪಲಿ ಬಿಟ್ಟು ಕೈಮುಗಿದ. ಸಾತನೂರಿನ ಗುಡ್ಡದಲ್ಲಿ ಪುಳಿಯೋಗರೆ ತಿಂದವರೂ ಊರ ಮಾರಮ್ಮನಿಗೆ ಕಾಯಿ ಒಡೆಸಿಯೇ ಹೋಗಿದ್ದರು ಎಂಬುದು ನೆನಪಾಯಿತು.

ಹೊತ್ತು ಇಳಿಯುತ್ತಿದ್ದುದರಿಂದ ಅಲ್ಲಿಂದ ಮೇಲಕ್ಕೆ ಅವರು ಬರಲಿಲ್ಲ. ಭಾನುವಾರ ಮತ್ತೆ ಬಂದು ಗಾಡಿಯನ್ನು ದಾಟಿಸುತ್ತೇವೆ, ನೀವು ಜೊತೆಗೆ ಬರುತ್ತೀರಾ ಎಂದು ಕರೆದರು. ನನಗೆ ಆಗುವುದಿಲ್ಲ ಎಂದೆ. ಹಾಗಾದರೆ ಮುಂದಿನ ದಾರಿಯ ಗುರುತಾದರೂ ಹೇಳಿ ಎಂದರು.

"ಎಲ್ಲೂ ತಿರುಗಬ್ಯಾಡಿ," ಎಂದೆ. "ಪಟ್ಟೆ ಬಳಿದ ಬಂಡೆ ಸಿಕ್ಕೋಗಂಟ ನೆಟ್ಟಗೆ ಹೋಗಿ. ಅಲ್ಲಿ ಬಲಕ್ಕೆ ತಿರುಗಿ. ಕಣಿವೆ ದಾಟಿದ್ರೆ ಆ ಕಡೆ ಮಟ್ಟಸವಾದ ಜಾಗ ಐತೆ, ಹಳ್ಳದಲ್ಲಿ ನೀರೈತೆ."

ಅದು ನಮ್ಮಪ್ಪನ ಕಾಲದ ಗಾಡಿಯವರು ಹೇಳುತ್ತಿದ್ದ ಗುರುತೇ. ಇಡೀ ಗುಡ್ಡದಲ್ಲಿ ಪಟ್ಟೆ ಬಳಿದ ಬಂಡೆ ಇದ್ದದ್ದು ಒಂದೇ. ನಟರಾಜು ಅದನ್ನೂ ಬರೆದುಕೊಂಡ.

ಆ ರಾತ್ರಿ ಕಂಡದ್ದನ್ನು ಒಂದೊಂದಾಗಿ ಜೋಡಿಸಿ ನೋಡಿದೆ. ಅಳತೆ, ಪುಸ್ತಕ, ಕುಟ್ಟಿ ನೋಡಿದ ಬಂಡೆ, ಆಕಾಶಕ್ಕೆ ಹಿಡಿದ ಯಂತ್ರ, ಎಲ್ಲವೂ ಒಂದೇ ಮಾತನ್ನು ಹೇಳುತ್ತಿದ್ದವು. ಮರುದಿನ ಉರಿಬಿಸಿಲಿನಲ್ಲಿ, ಗುಡ್ಡದ ಕಡೆ ಯಾರೂ ಹೋಗದ ಹೊತ್ತಿನಲ್ಲಿ, ಸುಣ್ಣದ ಗಡಿಗೆಯನ್ನೂ ಕೆಮ್ಮಣ್ಣನ್ನೂ ಹೊತ್ತು ಹತ್ತಿದೆ. ಪ್ರತಿ ವರ್ಷ ಶಿವರಾತ್ರಿಗೆ ಬಸಪ್ಪನಿಗೆ ಪಟ್ಟೆ ಬಳಿಯುತ್ತಿದ್ದವಳು ಸಿದ್ದಮ್ಮ. ನನಗೆ ಕೈ ನೆಟ್ಟಗಿಲ್ಲ, ಪಟ್ಟೆ ಡೊಂಕಾಗುತ್ತಿತ್ತು. ಹೊಲದ ಸುತ್ತ ನಾಲ್ಕು ದೊಡ್ಡ ಬಂಡೆಗಳನ್ನು ಆರಿಸಿ ಬಳಿದೆ. ಈ ನಾಲ್ಕು ದೇವರಾದರೆ ನಡುವೆ ಇರುವ ಮಣ್ಣನ್ನು ಯಾರೂ ಮುಟ್ಟುವುದಿಲ್ಲ ಎಂಬುದು ನನ್ನ ಲೆಕ್ಕ.

ಕಾಯಿ ಒಡೆಯಲಿಲ್ಲ, ಕರ್ಪೂರ ಹಚ್ಚಲಿಲ್ಲ. ಹಾಗೆ ಮಾಡಿದ್ದರೆ ಬಸಪ್ಪನಿಗೇ ಸುಳ್ಳು ಹೇಳಿದ ಹಾಗೆ ಆಗುತ್ತಿತ್ತು. ಬರೀ ಪಟ್ಟೆ ಬಳಿದರೆ ಸುಳ್ಳು ಹೇಳಿದ್ದು ಮನುಷ್ಯರಿಗೆ ಮಾತ್ರ ಎಂದು ಸಮಾಧಾನ ಮಾಡಿಕೊಂಡೆ. ಅರವತ್ತೆಂಟು ವರ್ಷ ಪೂಜೆ ಮಾಡಿದವನು ದೇವರ ಜೊತೆ ಹೀಗೆ ಚೌಕಾಸಿ ಮಾಡಿದೆ.

ಮೂರು ಬಂಡೆ ಜಾಡಿಗೆ ಕಾಣದಂತೆ ಒಳಗಿದ್ದವು. ನಾಲ್ಕನೆಯದು ಹೊಲದಿಂದ ಸ್ವಲ್ಪ ಮೇಲೆ, ಜಾಡು ಕವಲೊಡೆಯುವ ಕಡೆ ಇತ್ತು. ಅಲ್ಲಿ ಬಲಕ್ಕೆ ಹೋದರೆ ಜಾರುಬಂಡೆ, ಅದರ ಕೆಳಗೆ ಮೂರಾಳು ಆಳದ ಕೊರಕಲು. ಅಲ್ಲಿಗೆ ಮೇಕೆ ಬಿಟ್ಟು ಮತ್ತೇನೂ ಹೋಗುವುದಿಲ್ಲ. ಅದಕ್ಕೆ ಬಳಿಯುವಾಗ ನಾನು ಹಿಂದಿನ ದಿನ ಹೇಳಿದ್ದ ಗುರುತು ನೆನಪಾಗಲಿಲ್ಲ ಎಂದರೆ ಅದು ಪೂರ್ತಿ ನಿಜವಾಗುವುದಿಲ್ಲ. ನೆನಪಾಯಿತು. ಗುಡ್ಡ ತಿನ್ನಲು ಬಂದವರು ಒಂದು ಸಲ ದಾರಿ ತಪ್ಪಿದರೆ ತಪ್ಪಲಿ ಎನ್ನಿಸಿತು. ಆ ಯೋಚನೆಯನ್ನು ಅಲ್ಲೇ ಬಿಟ್ಟು ಸುಣ್ಣದಲ್ಲಿ ಕೈ ಅದ್ದಿದೆ.

ಶುಕ್ರವಾರ ಕೆಂಚಕ್ಕ ಓಡಿಬಂದು, ಬಸಪ್ಪ ಇನ್ನೂ ನಾಲ್ಕು ಕಡೆ ಮೂಡಿದ್ದಾನೆ ಎಂದಳು. ಸೌದೆಗೆ ಹೋದ ಹೆಂಗಸರು ಕಂಡಿದ್ದರು. ಅವಳಿಗೆ ಹೋದ ವಾರವೇ ಕನಸಿನಲ್ಲಿ ಐದು ಎತ್ತು ಕಂಡಿದ್ದವಂತೆ. ಸಂಜೆಯ ಹೊತ್ತಿಗೆ ನಾಲ್ಕೂ ಬಂಡೆಗೆ ಅರಿಶಿನ ಕುಂಕುಮ ಬಿದ್ದಿತ್ತು.

ಭಾನುವಾರ ಬೆಳಗ್ಗೆ ಜೀಪು ಬಂತು. ಅದು ಗುಡ್ಡದ ಕಡೆ ತಿರುಗಿದ ಮೇಲೆ ನಾನು ಮೇಕೆ ಹಾದಿಯಲ್ಲಿ, ಪೊದೆಗಳ ಮರೆಯಲ್ಲಿ ಹಿಂಬಾಲಿಸಿದೆ. ಅವರು ಮಾಡುವ ಕಳ್ಳತನವನ್ನು ಕಣ್ಣಾರೆ ನೋಡಬೇಕಿತ್ತು.

ಕಂಡದ್ದು ಬೇರೆ. ಮಕ್ಬೂಲ್ ಸಾಹೇಬರು ಮುಂದೆ ನಡೆಯುತ್ತ, ಒಂದೊಂದು ಕಲ್ಲನ್ನೂ ನೋಡಿ ಕೈ ಮಾಡುತ್ತಿದ್ದರು. ಹಳ್ಳ ಬಿದ್ದ ಕಡೆ ಗುದ್ದಲಿಯಿಂದ ಮಣ್ಣು ಎಳೆದು ತುಂಬುತ್ತಿದ್ದರು, ಎದ್ದ ಕಲ್ಲನ್ನು ಸಲಾಕೆಯಿಂದ ಹೊರಳಿಸುತ್ತಿದ್ದರು. ಜೀಪು ಹೆಜ್ಜೆ ಹೆಜ್ಜೆಯಾಗಿ ಹತ್ತುತ್ತಿತ್ತು. ಹಿಂದಿನ ಗಾಡಿ ಒಂದು ಚಕ್ರವನ್ನು ಎದೆಯೆತ್ತರ ಎತ್ತಿ, ಇನ್ನೊಂದನ್ನು ಗುಂಡಿಯಲ್ಲಿಟ್ಟು, ಮಗುಚುತ್ತದೆ ಎನ್ನುವಾಗ ಮೈ ತಿರುಚಿಕೊಂಡು ಸರಿಯಾಗುತ್ತಿತ್ತು. ಜೀಪಿಗೂ ಅದಕ್ಕೂ ನಡುವಿನ ಕೊಂಡಿ ಎಲ್ಲ ಕಡೆಗೂ ಹೊರಳುತ್ತಿತ್ತು. ಮೊಣಕಾಲೂರಿ ಏರು ಹತ್ತುವ ಒಳ್ಳೆಯ ಎತ್ತನ್ನು ನೋಡಿದ ಹಾಗಾಯಿತು. ಕಲ್ಲಿನವರು ಇಷ್ಟು ಕಷ್ಟಪಡುತ್ತಾರೆಯೇ ಎಂದೂ ಒಮ್ಮೆ ಅನ್ನಿಸಿತು. ಮರುಗಳಿಗೆಯೇ, ಭಾರದ ಗಾಡಿ ಹತ್ತುತ್ತದೆಯೇ ಎಂದು ಪರೀಕ್ಷೆ ಮಾಡುತ್ತಿದ್ದಾರೆ, ಇದು ಅದೇ ಎಂದುಕೊಂಡೆ.

ಮೇಲಿನ ಹೊಲ ದಾಟಿ ಕವಲಿಗೆ ಬಂದರು. ಪಟ್ಟೆ ಬಳಿದ ಬಂಡೆ ಕಂಡು ನಿಂತರು. ನಟರಾಜು ಇಳಿದು ಬಂಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ, ಪುಸ್ತಕ ತೆಗೆದು ನೋಡಿದ. ಮಕ್ಬೂಲ್ ಬಲಕ್ಕೆ ಕೈ ತೋರಿಸಿದರು.

ಆಗ ಕೂಗಬಹುದಿತ್ತು. ಕೂಗಿದರೆ ಪೊದೆಯ ಮರೆಯಲ್ಲಿ ಏನು ಮಾಡುತ್ತಿದ್ದೆ ಎಂದು ಹೇಳಬೇಕು. ಆ ಬಂಡೆ ದೇವರಲ್ಲ ಎಂದು ಹೇಳಬೇಕು. ಒಂದು ಎಲೆಗೆ ಸುಣ್ಣ ಹಚ್ಚಿ ಮಡಿಸುವಷ್ಟು ಹೊತ್ತು ಸುಮ್ಮನೆ ನಿಂತೆ. ಅಷ್ಟರಲ್ಲಿ ಜೀಪು ಜಾರುಬಂಡೆಯ ಮೇಲೆ ಇಳಿದಿತ್ತು.

ಮೊದಲ ಹತ್ತು ಮಾರು ಅದು ಅಂಗಳದ ಹಾಗೆ ಮಟ್ಟಸ. ಆಮೇಲೆ ಎಡಕ್ಕೆ ವಾಲುತ್ತದೆ. ಅಲ್ಲಿ ಬೇಸಿಗೆಯಲ್ಲೂ ಒಸರುವ ನೀರಿನಿಂದ ಪಾಚಿ ಕಟ್ಟಿರುತ್ತದೆ. ಹಿಂದಿನ ಗಾಡಿಯ ಚಕ್ರ ಪಾಚಿಗೆ ಬಿತ್ತು. ಗಾಡಿ ಅಡ್ಡಡ್ಡ ಜಾರತೊಡಗಿ ಜೀಪಿನ ಬಾಲವನ್ನೂ ಎಳೆಯಿತು. ಜೀಪು ಓರೆಯಾಗಿ ತಿರುಗಿ ನಿಂತಿತು. ಗಾಡಿಯ ಎಡಚಕ್ರ ಕೊರಕಲಿನ ಅಂಚು ದಾಟಿ ಗಾಳಿಯಲ್ಲಿ ತೂಗುತ್ತಿತ್ತು. ನಟರಾಜು ಬ್ರೇಕಿನ ಮೇಲೆ ನಿಂತೇ ಬಿಟ್ಟಿದ್ದ. ಕಾಲು ಎತ್ತಿದರೆ ಎಲ್ಲವೂ ಕೆಳಗೆ. ಮಕ್ಬೂಲ್ ಸಾಹೇಬರು ಓಡಿಬಂದು ಜಾರುತ್ತಿದ್ದ ಗಾಡಿಗೆ ತಮ್ಮ ಹೆಗಲು ಕೊಟ್ಟು ನಿಂತರು. ಕೊರಕಲು ಅವರ ಬೆನ್ನ ಹಿಂದೆಯೇ ಇತ್ತು.

"ಸಾಬ್ರೇ, ಹೆಗಲು ತಗೀರಿ, ಮ್ಯಾಲಕ್ಕೆ ಬನ್ನಿ," ಎಂದು ಕೂಗಿಕೊಂಡು ಓಡಿದೆ. "ಸರಪಳಿ ಎಲ್ಲಿ, ಸರಪಳಿ ತಗೀರಿ."

ಅವರು ನಾನು ಎಲ್ಲಿಂದ ಬಂದೆ ಎಂದು ಕೇಳಲಿಲ್ಲ. ಸರಪಳಿಯನ್ನು ಗಾಡಿಯ ಚೌಕಟ್ಟಿಗೆ ಬಿಗಿದು, ಇನ್ನೊಂದು ತುದಿಯನ್ನು ಬಂಡೆಯ ಬಿರುಕಿನಲ್ಲಿ ಬೇರಿಳಿಸಿದ ಗೋಣಿ ಮರಕ್ಕೆ ಎರಡು ಸುತ್ತು ಸುತ್ತಿದೆವು. ಚಕ್ರಗಳ ಅಡಿಗೆ ತಡೆಗಲ್ಲು ಕೊಟ್ಟೆವು. ಆಮೇಲೆಯೇ ನಟರಾಜು ಜೀಪಿನಿಂದ ಇಳಿದದ್ದು. ಇಳಿದವನೇ ಬಂಡೆಯ ಮೇಲೆ ಕೂತುಬಿಟ್ಟ. ಸಾಹೇಬರ ಅಂಗೈ ಸರಪಳಿಗೆ ಸಿಕ್ಕಿ ಸೀಳಿತ್ತು. ನನ್ನ ಹೆಗಲ ಮೇಲಿನ ವಲ್ಲಿಯನ್ನು ಹರಿದು ಕಟ್ಟಿದೆ.

ಹೊಲದ ಅಂಚಿಗೆ ಹೋಗಿ, ಕೆಳಗಿನ ಹೊಲದಲ್ಲಿದ್ದ ಕೆಂಪಯ್ಯನನ್ನು ಕೂಗಿದೆ. ಅವನು ಎರಡು ಜೊತೆ ಎತ್ತು ಹೊಡೆದುಕೊಂಡು ಬಂದ. ಗೊರಸು ಜಾರದಂತೆ ಬಂಡೆಯ ಮೇಲೆ ಮಣ್ಣು, ಸೊಪ್ಪು ಹರಡಿದೆವು. ಎತ್ತುಗಳು ಹಿಂದಕ್ಕೆಳೆದವು, ನಟರಾಜು ಕೂದಲೆಳೆಯಷ್ಟು ಕೂದಲೆಳೆಯಷ್ಟು ಜೀಪನ್ನು ಹಿಮ್ಮೆಟ್ಟಿಸಿದ. ಗಾಡಿ ಕವಲಿಗೆ ಬಂದು ನಿಲ್ಲುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ತಗಡು ಒಂದು ಕಡೆ ನೆಗ್ಗಿದ್ದು ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ.

"ನಿನ್ನ ಜೀಪಿಗೆ ಎಷ್ಟು ಕುದುರೆ ಬಲ ಅಂದೆ?" ಎಂದು ಕೆಂಪಯ್ಯ ನಟರಾಜುವನ್ನು ಕೇಳಿದ. ಅವನು ಅರವತ್ತು ಎಂದ. "ನಂದು ನಾಕೇ ಎತ್ತು ಕಣಪ್ಪ. ಮುಂದಿನ ಗಾಡಿಗೆ ನೊಗ ಇಕ್ಕಿಸಿ ಮಾಡು." ಹೀಗೆಂದು ಎತ್ತುಗಳಿಗೆ ನೀರು ಕುಡಿಸಲು ಇಳಿದುಹೋದ.

ನಾವು ಮೂವರು ಉಳಿದೆವು. ನಟರಾಜು ಗಾಡಿಯ ಪಕ್ಕದ ಬಾಗಿಲು ಎಳೆದ. ಒಲೆ ಹೊರಗೆ ಬಂತು. ಇನ್ನೊಂದನ್ನು ಎಳೆದ, ಹಲಗೆ ಮೇಜಾಯಿತು. ಟೀ ಕಾಸಿದ. ತೆರೆದ ಬಾಗಿಲಿನಿಂದ ಒಳಗೆ ಕಂಡಿತು. ಹಾಸಿಗೆ, ಎರಡು ದಿಂಬು, ಒಂದು ಲಾಟೀನು. ಅವನು ಹೇಳಿದ್ದಕ್ಕಿಂತ ಹೆಚ್ಚಿನದು ಅಲ್ಲಿ ಏನೂ ಇರಲಿಲ್ಲ. ನನ್ನ ಕೈಗೆ ಲೋಟ ಕೊಟ್ಟು ಅವನು ತನ್ನ ಅಂಗೈ ತೋರಿಸಿದ. ಅದರ ಮೇಲೆ ಬಿಳಿಯಾಗಿ ಸುಣ್ಣ ಮೆತ್ತಿತ್ತು.

"ಪಟ್ಟೆ ಬಂಡೆ ಒಂದೇ ಅನ್ನೋ ಥರ ಹೇಳಿದ್ರಿ ಯಜಮಾನ್ರೆ. ಇದು ಹೊಸಾ ಸುಣ್ಣ."

ಟೀ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಸಾತನೂರಿನ ಗುಡ್ಡದಿಂದ ಹಿಡಿದು, ಅವರು ತಿರುಗಿದಾಗ ಕೂಗದೆ ನಿಂತದ್ದರವರೆಗೆ.

"ನಾನು ಸತ್ತಿದ್ರೆ?" ಎಂದ ನಟರಾಜು.

ಮತ್ತೆ ಅವನೇ ಮುಂದುವರಿಸಿದ.

"ಏನಕ್ಕೆ ಬಂದಿದ್ದೀರ ಅಂತ ಬಾಯಿಬಿಟ್ಟು ಕೇಳಬೌದಿತ್ತಲ್ಲ."

"ಕೇಳಿದ್ರೂ ನಂಬ್ತಿರಲಿಲ್ಲ ಕಣಪ್ಪ," ಎಂದೆ.

ಮಕ್ಬೂಲ್ ಕಟ್ಟಿದ ಕೈಯನ್ನು ತಿರುಗಿಸಿ ನೋಡುತ್ತಿದ್ದರು. "ಬಲಕ್ಕೆ ತಿರುಗು ಅಂದಿದ್ದು ನಾನು ಗೌಡ್ರೆ," ಎಂದರು. "ಇವನಿಗೆ ಒಸಿ ಅನುಮಾನ ಇತ್ತು. ದೇವ್ರ ಕಲ್ಲು ಸುಳ್ಳು ಹೇಳಲ್ಲ ಅಂತ ನಾನೇ ಅಂದೆ. ನೋಡಿ, ನಿಮ್ಮ ಬಸಪ್ಪನ ಮೇಲೆ ನಿಮಗಿಂತ ನನಗೇ ಜಾಸ್ತಿ ನಂಬಿಕೆ ಆಗೋಯ್ತು."

ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ನಟರಾಜು ಪುಸ್ತಕವನ್ನು ನನ್ನ ಕಡೆ ನೂಕಿದ. ಓದಿ ನೋಡಿ ಎಂದ. ಅಗಲ ಇಷ್ಟು ಅಡಿ, ಏರು ಇಷ್ಟು, ಇಲ್ಲಿ ಅಚ್ಚು ತಗುಲಬಹುದು, ಇಲ್ಲಿ ಬಂಡೆ ಟೊಳ್ಳು, ಚಕ್ರ ಇಡಬಾರದು. ಹಾಳೆಯ ಕೊನೆಯಲ್ಲಿ, ಮೇಲಿನ ಹೊಲದ ಬಳಿ ಸಮಾಧಿ ಇದೆ, ಗಾಡಿಯನ್ನು ಪೂರ್ತಿ ಆಚೆ ಬದಿಗೆ ಒತ್ತಿ ನಡೆಸುವುದು ಎಂದು ಬರೆದಿತ್ತು. ಅದರ ಕೆಳಗೆ ಗೆರೆ ಎಳೆದಿತ್ತು.

ಪುಸ್ತಕ ಮಡಿಸಿ ಕೊಟ್ಟೆ. ಆದರೆ ಅವನ ಮಾತು ಮುಗಿದಿರಲಿಲ್ಲ. ಇನ್ನೊಂದು ವಿಷಯ ಇದೆ, ನೀವು ಎಲ್ಲಾ ಹೇಳಿದ ಮೇಲೆ ನಾನೂ ಮುಚ್ಚಿಡಬಾರದು ಎಂದ. ಆ ಬೆಳಗ್ಗೆ ಸಾತನೂರಿನಲ್ಲಿ ಟೀ ಕುಡಿಯಲು ನಿಂತಾಗ ಬಿಳಿ ಕಾರಿನಲ್ಲಿ ಬಂದ ಇಬ್ಬರು ಗಾಡಿಯನ್ನು ನೋಡಿ ಮಾತಾಡಿಸಿದ್ದರು. ಎಲ್ಲಿಗೆ ಎಂದು ತಿಳಿದುಕೊಂಡು, ಇದು ಆ ಗುಡ್ಡ ದಾಟಿದರೆ ನಮಗೊಂದು ಮಾತು ತಿಳಿಸು, ಜಾಡು ಹೇಗಿದೆ ಹೇಳು ಎಂದು ಫೋನ್ ನಂಬರ್ ಕೊಟ್ಟಿದ್ದರು. ಅವರೂ ಇಂಥ ಗಾಡಿ ಕೊಳ್ಳುವವರಿರಬೇಕು ಎಂದು ಇವನು ಆಗಲಿ ಎಂದಿದ್ದ.

ಗಾಡಿ ಕೊಳ್ಳುವವರು ಜಾಡಿನ ಸುದ್ದಿ ಕೇಳುವುದಿಲ್ಲ, ಕಲ್ಲಿನವರು ಕೇಳುತ್ತಾರೆ. ಇಷ್ಟು ದಿನ ನಾನು ಅನುಮಾನಪಟ್ಟದ್ದು ಸುಳ್ಳಲ್ಲ. ಅದನ್ನು ಹೊರಬೇಕಾದ ತಲೆ ಮಾತ್ರ ಬೇರೆ ಇತ್ತು.

"ಈಗಲೇ ವಾಪಸ್ ಹೋದ್ರೆ ದಾಟಲಿಲ್ಲ ಅಂತ ಹೇಳಬೌದು, ಅದು ಸುಳ್ಳೂ ಅಲ್ಲ," ಎಂದ ನಟರಾಜು. "ಆದ್ರೆ ಎಂಟು ತಿಂಗಳು ನಾವಿಬ್ರೂ ಬೇರೆ ಕೆಲಸ ಮುಟ್ಟಿಲ್ಲ. ಇದು ದಾಟಲ್ಲ ಅಂದ್ರೆ ಯಾರೂ ಇನ್ನೊಂದು ಮಾಡ್ಸಲ್ಲ. ನೀವೇ ಹೇಳಿ."

ಸಾಹೇಬರು ಗಾಡಿಯ ನೆಗ್ಗಿದ ತಗಡನ್ನು ಒಳಗಿನಿಂದ ಹೆಬ್ಬೆರಳಲ್ಲಿ ಒತ್ತುತ್ತಿದ್ದರು.

ಕುಳಿತಲ್ಲಿಂದ ಕೆಳಗೆ ಹೊಲ ಕಾಣುತ್ತಿತ್ತು, ಬದುವಿನ ಕಣಗಿಲೆ ಕಾಣುತ್ತಿತ್ತು. ವಾಪಸ್ ಹೋಗಿ ಎಂದರೆ ಹೋಗುತ್ತಿದ್ದರು. ಗುಡ್ಡ ಇನ್ನೊಂದಿಷ್ಟು ದಿನ ಕಲ್ಲಿನವರ ಕಣ್ಣಿಗೆ ಬೀಳದೆ ಉಳಿಯುತ್ತಿತ್ತು. ಆದರೆ ಬಸಪ್ಪನ ಹೆಸರು ಹಿಡಿದು ಇಬ್ಬರ ಕಾಲನ್ನು ಕೊರಕಲಿಗೆ ತಿರುಗಿಸಿದವನು ನಾನು. ಅದೇ ಕಾಲನ್ನು ದಾರಿಗೆ ಹಚ್ಚದೆ ಮರುದಿನ ಸೋಮವಾರ ಯಾವ ಮುಖ ಹೊತ್ತು ನೀರು ಎರೆಯಲಿ? ಆ ಅರ್ಧ ಬಿಂದಿಗೆಯನ್ನು ಸಿದ್ದಮ್ಮ ತಾನೇ ಮುಟ್ಟುತ್ತಾಳೆಯೇ?

"ಎದ್ದೇಳಿ," ಎಂದೆ. "ಹೊತ್ತು ಮುಳುಗೋಕೆ ಮುಂಚೆ ದಾಟಬೇಕು. ನಾನು ಮುಂದ್ಗಡೆ ನಡೀತೀನಿ."

ಕವಲಿನಿಂದ ನೆಟ್ಟಗೆ ಹತ್ತಿಸಿದೆ. ಮೂರು ಕಡೆ ಬಂಡೆ ಮೆಟ್ಟಿಲಿನ ಹಾಗೆ ಬರುತ್ತದೆ. ಹಳೆಯ ಕಾಲದಲ್ಲಿ ಅಲ್ಲಿ ಗಾಡಿಯ ಭಾರ ಇಳಿಸಿ, ಬರಿಗಾಡಿ ಹತ್ತಿಸಿ, ಮತ್ತೆ ಹೇರುತ್ತಿದ್ದರು. ನಾವೂ ಹಾಗೇ ಮಾಡಿದೆವು. ಹಾಸಿಗೆ, ದಿಂಬು, ನೀರಿನ ಕ್ಯಾನು, ಸರಪಳಿ ಎಲ್ಲವನ್ನೂ ನಾನೂ ಸಾಹೇಬರೂ ಹೊತ್ತೆವು. ನಟರಾಜು ಒಬ್ಬನೇ ಹಗುರ ಗಾಡಿಯನ್ನು ಎಳೆದ. ಎರಡನೆಯ ಮೆಟ್ಟಿಲಿನಲ್ಲಿ ಜೀಪಿನ ಮೂತಿ ಆಕಾಶ ನೋಡಿತು. ನಾನು ಎತ್ತಿಗೆ ಹೇಳುವ ಹಾಗೆ ಹೋ, ಹೋ ಎಂದು ಕೈ ಮಾಡಿದೆ. ಸಾಹೇಬರು ಹಿಂದಿನಿಂದ, ಗೌಡ್ರೆ, ಅದಕ್ಕೆ ಬಾಲ ಇಲ್ಲ ತಿರುವೋಕೆ ಎಂದರು. ಬಸಪ್ಪನ ಬಂಡೆಯ ಹತ್ತಿರ ನಿಂತು ಬಲಕ್ಕೆ ತೋರಿಸಿದೆ. ನಟರಾಜು ಗಾಜಿನೊಳಗಿನಿಂದ ನನ್ನ ಮುಖವನ್ನೇ ನೋಡಿ, ಆಮೇಲೆ ಚಕ್ರ ತಿರುಗಿಸಿದ.

ಕಣಿವೆ ದಾಟಿ ಮಟ್ಟಸದ ಜಾಗಕ್ಕೆ ಇಳಿದಾಗ ಸೂರ್ಯ ಇನ್ನೂ ಒಂದಾಳು ಎತ್ತರವಿದ್ದ. ಅವರು ಟಾರ್ಪಾಲು ಬಿಚ್ಚಿದರು. ಒಂದು ಗಳಿಗೆಯಲ್ಲಿ ಡೇರೆ ಎದ್ದಿತು. ಸಾಹೇಬರು ಹಳ್ಳದಲ್ಲಿ ಕೈಕಾಲು ತೊಳೆದು ನಮಾಜಿಗೆ ನಿಂತರು. ನಟರಾಜು ಪುಸ್ತಕ ತೆಗೆದ.

"ಆ ಕಾರಿನೋರಿಗೆ ಏನು ಹೇಳ್ಲಿ?"

"ಕಂಡಿದ್ದನ್ನೇ ಹೇಳು," ಎಂದೆ. "ಮಿಕ್ಕಿದ್ದು ನಾ ನೋಡ್ಕತೀನಿ."

ಅವನು ಏನು ಹೇಳಿದನೋ, ಹೇಳಲೇ ಇಲ್ಲವೋ, ನನಗೆ ತಿಳಿಯದು. ನಾನೂ ಕೇಳಲಿಲ್ಲ.

ಸೋಮವಾರ ಬಸಪ್ಪನಿಗೆ ನೀರೆರೆದು ಬಂದು, ಹಳ್ಳದಿಂದ ಬಕೀಟಿನಲ್ಲಿ ನೀರು ತಂದು ಕವಲಿನ ಬಂಡೆಯನ್ನು ತೆಂಗಿನ ನಾರಿನಲ್ಲಿ ತಿಕ್ಕಿದೆ. ಕೆಂಚಕ್ಕ ಹೂವಿನ ಬುಟ್ಟಿ ಹಿಡಿದು ಬಂದಳು. ನೋಡಿ ಎದೆ ಮೇಲೆ ಕೈ ಇಟ್ಟುಕೊಂಡಳು.

"ಏನ್ ಮಾಡ್ತಿದ್ದೀಯ ಮರಿಯಪ್ಪ? ದೇವರ ಮೈ ಉಜ್ಜಿ ತಗೀತಿಯಲ್ಲ."

"ಅದು ಬಸಪ್ಪ ಅಲ್ಲ ಕಣಕ್ಕ. ಅದು ನಾನು."

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನನ್ನನ್ನು ಬಾಯಿಗೆ ಬಂದಂತೆ ಬೈದಳು. ಊರ ಹೆಂಗಸರ ಮುಂದೆ ತನ್ನ ಕನಸಿನ ಮಾನ ಕಳೆದೆ ಎಂದಳು. ಕಲ್ಲಿನವರು ಬಂದರೆ ಏನು ಮಾಡುತ್ತೀಯ, ಸಿದ್ದಮ್ಮನನ್ನು ಎತ್ತಿ ಎಲ್ಲಿ ಇಡುತ್ತೀಯ ಎಂದಳು. ಬೈದು ಬೈದು ಸುಸ್ತಾಗಿ, ಸೆರಗು ಸಿಕ್ಕಿಸಿ, ಇನ್ನೊಂದು ಬಂಡೆಗೆ ತಾನೇ ನೀರು ಸುರಿದಳು.

ಆಮೇಲಿನಿಂದ ಹಗಲೆಲ್ಲ ನಾನು ಮೇಲಿನ ಹೊಲದಲ್ಲೇ ಇರುತ್ತೇನೆ. ಸೋಗೆಯ ಚಪ್ಪರ ಹಾಕಿಕೊಂಡಿದ್ದೇನೆ. ರಸ್ತೆಯ ಮೇಲೆ ಯಾವ ಮೋಟಾರು ಬಂದರೂ ಎದ್ದು ನೋಡುತ್ತೇನೆ. ಆಷಾಢ ಹುಟ್ಟಿದ ಮೂರನೆಯ ದಿನ ಬಿಳಿ ಕಾರು ಬಂದು ಹೊಲದ ಕೆಳಗೆ, ಜಾಡು ಕೆಟ್ಟಿರುವ ಕಡೆ ನಿಂತಿತು. ನಾನು ಇಳಿದುಹೋಗಿ ಅದರ ಎದುರಿಗೆ, ಜಾಡಿನ ನಡುವೆ ನಿಂತೆ. ಒಳಗಿದ್ದವನು ಗಾಜು ಇಳಿಸಿ, ಮೇಲಕ್ಕೆ ದಾರಿ ಇದೆಯೇ ಯಜಮಾನರೇ ಎಂದು ಬಹಳ ಮರ್ಯಾದೆಯಿಂದ ಕೇಳಿದ.

"ಐತೆ," ಎಂದೆ. "ನನ್ನ ಹೊಲದೊಳಗೆ ಹೋಗ್ತದೆ. ನನ್ನ ಹೆಂಡ್ತಿ ಮಣ್ಣಿನ ಪಕ್ಕದಲ್ಲೇ ಹೋಗ್ತದೆ. ನೀವು ಏನಕ್ಕೆ ಬಂದಿದ್ದೀರ, ಅದ ಹೇಳಿ."

ಅವನು ಪಕ್ಕದವನ ಮುಖ ನೋಡಿದ. ಗಾಳಿಗೆ ಬಂದೆವು, ಗುಡ್ಡ ನೋಡೋಣ ಎಂದು ಬಂದೆವು ಎಂದ. ಹಿಂದಿನ ಸೀಟಿನ ಮೇಲೆ ಸುರುಳಿ ಸುತ್ತಿದ ನಕ್ಷೆ ಇತ್ತು. ಇಲ್ಲಿಂದಲೇ ಗುಡ್ಡ ಚೆನ್ನಾಗಿ ಕಾಣುತ್ತದೆ, ನೋಡಿ ಎಂದು ಹೇಳಿ, ನಾನು ನಿಂತಲ್ಲಿಂದ ಕದಲಲಿಲ್ಲ. ಅವರು ಗಾಜು ಏರಿಸಲಿಲ್ಲ, ಕಾರನ್ನು ಹಿಂದಕ್ಕೂ ತೆಗೆಯಲಿಲ್ಲ. ಬಿಸಿಲು ಏರುತ್ತಿತ್ತು. ಕೆಳಗಿನಿಂದ ಕೆಂಪಯ್ಯ ಎತ್ತುಗಳನ್ನು ಹೊಡೆದುಕೊಂಡು, ಯಾರ್ಲಾ ಅದು ಎಂದು ಕೇಳುತ್ತ, ಕಾರಿನ ಹಿಂದಿನ ಜಾಡಿನಲ್ಲೇ ನಿಧಾನವಾಗಿ ಹತ್ತಿಬರುತ್ತಿದ್ದ.